ರುಮಾಲಿನಲ್ಲಿ ಬಂದ ಲಿಂಗ

ಸಾಲಗಾಮೆಯ ಪರಮಶಿವಯ್ಯನವರು ಎತ್ತಿನ ಗಾಡಿಯ ಪಕ್ಕದಲ್ಲಿ ಮೋಟಾರು ಸೈಕಲ್ಲನ್ನು ಎಂದೂ ಓಡಿಸಿದವರಲ್ಲ. ಎದುರಿನಿಂದ ಗಾಡಿ ಬರುವುದು ಕಂಡರೆ ರಸ್ತೆಯ ಅಂಚಿಗೆ ಸರಿದು, ಎಂಜಿನ್ನನ್ನು ನಿಲ್ಲಿಸಿ, ಗಾಡಿ ದಾಟಿ ನೂರು ಮಾರು ಹೋಗುವವರೆಗೂ ಸುಮ್ಮನೆ ನಿಲ್ಲುತ್ತಿದ್ದರು. ಮುಂದೆ ಹೋಗುತ್ತಿರುವ ಗಾಡಿಯಾದರೆ ಕೆಳಗಿಳಿದು, ಸದ್ದಿಲ್ಲದ ಸೈಕಲ್ಲನ್ನು ತಳ್ಳಿಕೊಂಡು ಗಾಡಿಯನ್ನು ದಾಟಿ, ದೂರ ಹೋದ ಮೇಲೆ ಮತ್ತೆ ಒದ್ದು ಚಾಲೂ ಮಾಡುತ್ತಿದ್ದರು. ಆ ಕಾಲದ ಎತ್ತುಗಳು ಮೋಟಾರಿನ ಸದ್ದಿಗೆ ಬೆದರಿ ಗಾಡಿಯನ್ನು ಹಳ್ಳಕ್ಕೆ ಎಳೆದುಕೊಂಡು ಹೋಗುತ್ತಿದ್ದುದು ನಿಜ. ಆದರೆ ಮೋಟಾರು ಇಟ್ಟುಕೊಂಡ ಬೇರೆ ಯಾರೂ ಅದಕ್ಕಾಗಿ ಕೆಳಗಿಳಿದುದನ್ನು ನಾನು ಕಂಡಿಲ್ಲ.

"ಏನ್ ಪರಮಶಿವಯ್ಯ, ಸೈಕಲ್ ಮೇಲೆ ನೀನು ಓಗೋದಕ್ಕಿಂತ ಸೈಕಲ್ಲೇ ನಿನ್ನ ಕೈಲಿ ತಳ್ಳಿಸ್ಕೊಂಡು ಓಗೋದು ಜಾಸ್ತಿ ಆಯ್ತಲ್ಲ!" ಎಂದು ಹಾಸನದ ಅಂಗಡಿಯವರು ಹಾಸ್ಯ ಮಾಡುತ್ತಿದ್ದರು.

"ನನಗೇನು, ನಿಂತ್ರೂ ಓದ್ರೂ ಅದೇ ದಾರಿ" ಎಂದು ಅವರು ನಗುತ್ತಿದ್ದರು.

ಸಾಲಗಾಮೆಯ ಶಾಲೆಗೆ ನಾನು ಉಪಾಧ್ಯಾಯನಾಗಿ ಬಂದಾಗ ಅವರಿಗೆ ಮೂವತ್ತೈದು ವರ್ಷವಿದ್ದಿರಬೇಕು. ತೆಳ್ಳನೆಯ ಆಳು. ಹಣೆಯಲ್ಲಿ ಮೂರು ಬೆರಳಿನ ವಿಭೂತಿ, ತಲೆಗೆ ಬಿಳಿಯ ರುಮಾಲು, ಉಗುರಿನ ಸಂದಿಯಲ್ಲಿ ಎಷ್ಟು ಸೀಗೆಪುಡಿ ಹಾಕಿ ತಿಕ್ಕಿದರೂ ಹೋಗದ ಎಣ್ಣೆಯ ಕಪ್ಪು. ಅವರ ತಂದೆ ಊರಿನಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುತ್ತಿದ್ದವರು. ಮಗನಿಗೆ ತಕ್ಕಡಿಯಲ್ಲಿ ಮನಸ್ಸಿರಲಿಲ್ಲ. ಹದಿನಾರನೆಯ ವಯಸ್ಸಿಗೆ ಹಾಸನಕ್ಕೆ ಹೋಗಿ, ಕಾಫಿ ಹದ ಮಾಡುವ ಒಂದು ಕಾರ್ಖಾನೆಯಲ್ಲಿ ಎಂಜಿನ್ನು ಒರೆಸುವ ಕೆಲಸಕ್ಕೆ ಸೇರಿದರು. ಒರೆಸುತ್ತ ಒರೆಸುತ್ತ ಅದರ ಒಳಗನ್ನೆಲ್ಲ ಕಲಿತರು.

ಮುಂದೆ ನಮ್ಮ ಜಿಲ್ಲೆಯಲ್ಲಿ ಅಕ್ಕಿಯ ಗಿರಣಿಗಳು ಒಂದೊಂದಾಗಿ ಹುಟ್ಟಿಕೊಂಡವು. ಎಲ್ಲದಕ್ಕೂ ಪರದೇಶದಿಂದ ಬಂದ ಆಯಿಲ್ ಎಂಜಿನ್ನು. ಅದು ಕೆಟ್ಟರೆ ಮೈಸೂರಿನಿಂದ ಮೇಸ್ತ್ರಿ ಬರಬೇಕು, ಬರುವವರೆಗೆ ಭತ್ತದ ಮೂಟೆಗಳು ಅಂಗಳದಲ್ಲಿ ಬಿದ್ದಿರಬೇಕು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಹಾಸನ, ಈ ನಾಲ್ಕು ಊರುಗಳ ಗಿರಣಿಯವರೂ ಕ್ರಮೇಣ ಮೈಸೂರನ್ನು ಮರೆತು ಪರಮಶಿವಯ್ಯನವರಿಗೆ ಹೇಳಿಕಳುಹಿಸತೊಡಗಿದರು. ಅವರು ಒಂದು ಮೊಳದ ಬಿದಿರುಕಡ್ಡಿಯನ್ನು ಇಟ್ಟುಕೊಂಡಿದ್ದರು. ಅದರ ಒಂದು ತುದಿಯನ್ನು ಓಡುವ ಎಂಜಿನ್ನಿಗೆ ತಾಗಿಸಿ ಇನ್ನೊಂದು ತುದಿಗೆ ಕಿವಿಯನ್ನಿಟ್ಟು, ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. "ಇಲ್ಲಿ ನೋವೈತೆ" ಎಂದು ಬೆರಳಿಟ್ಟು ತೋರಿಸುತ್ತಿದ್ದರು. ಬಿಚ್ಚಿದರೆ ಅಲ್ಲಿಯೇ ಸವೆದಿರುತ್ತಿತ್ತು.

ಮೋಟಾರು ಸೈಕಲ್ಲು ಬಂದದ್ದು ಮಂಜರಾಬಾದಿನ ಕಡೆಯ ಒಂದು ಕಾಫಿ ತೋಟದಿಂದ. ತನ್ನ ದೇಶಕ್ಕೆ ಹಿಂದಿರುಗಿದ ಒಬ್ಬ ಬಿಳಿಯ ದೊರೆ ಬಿಟ್ಟುಹೋಗಿದ್ದ ಗಾಡಿ ಅದು. ಮೂರು ವರ್ಷ ಕೊಟ್ಟಿಗೆಯಲ್ಲಿದ್ದು ಅದರ ಮೇಲೆ ಕೋಳಿಗಳು ಮೊಟ್ಟೆಯಿಟ್ಟಿದ್ದವು. ಪರಮಶಿವಯ್ಯನವರು ಅದನ್ನು ಎತ್ತಿನ ಗಾಡಿಯಲ್ಲಿ ಹೇರಿಸಿಕೊಂಡು ಬಂದು, ಆರು ತಿಂಗಳು ಸಂಜೆ ಸಂಜೆ ಬಿಚ್ಚಿ ತೊಳೆದು ಕೂಡಿಸಿದರು. ಅದು ಮೊದಲ ಸಲ ಗುಡುಗಿದ ದಿನ ಊರಿನ ನಾಯಿಗಳೆಲ್ಲ ಕೆರೆಯ ಕಡೆಗೆ ಓಡಿಹೋದುವಂತೆ.

ಇಷ್ಟನ್ನು ಹೇಳಿದರೆ ಅವರು ಒಳ್ಳೆಯ ಕೆಲಸಗಾರರೆಂದು ತಿಳಿಯುತ್ತದೆ. ಎಂಥ ಮನುಷ್ಯರೆಂದು ನನಗೆ ತಿಳಿದದ್ದು ಯೂರೋಪಿನಲ್ಲಿ ಯುದ್ಧ ಶುರುವಾದ ವರ್ಷ, ಕಾರ್ತಿಕ ಮಾಸದ ಒಂದು ಬುಧವಾರ.

ಆ ಸೋಮವಾರ ಪರಮಶಿವಯ್ಯನವರ ತಾಯಿ ನೀಲಗಂಗಮ್ಮನವರು ಹೊಳೆನರಸೀಪುರದ ನೆಂಟರ ಮನೆಗೆ ಪೂಜೆಗೆ ಹೋಗಿದ್ದರು. ಅರವತ್ತೆಂಟು ವರ್ಷದ ಮುದುಕಿ. ಬೆನ್ನು ನೆಟ್ಟಗೆ, ಮಾತು ಅದಕ್ಕಿಂತ ನೆಟ್ಟಗೆ. ಅಲ್ಲಿ ಏಳೆಂಟು ಮಂದಿ ಅಜ್ಜಿಯರು ಸಾಲಾಗಿ ಕುಳಿತು, ಎದೆಯ ಮೇಲಿನ ಕರಡಿಗೆಯಿಂದ ತಮ್ಮ ತಮ್ಮ ಲಿಂಗವನ್ನು ತೆಗೆದು, ಎಡಗೈಯಲ್ಲಿಟ್ಟು ನೀರೆರೆದು ಪೂಜೆ ಮಾಡಿದರು. ಅವರ ಮತದಲ್ಲಿ ಆ ಲಿಂಗವೆಂದರೆ ಪ್ರಾಣ. ಗುರು ಕೈಗಿಟ್ಟ ದಿನದಿಂದ ಮಣ್ಣಿಗೆ ಹೋಗುವ ದಿನದವರೆಗೆ ಅದು ಮೈಯನ್ನು ಬಿಡಬಾರದು; ದಿನವೂ ಅದಕ್ಕೆ ಪೂಜೆಯಾಗದೆ ಬಾಯಿಗೆ ತೊಟ್ಟು ನೀರೂ ಹೋಗಬಾರದು. ಹೊಳೆನರಸೀಪುರದ ಆ ಗೃಹಿಣಿ ಭಕ್ತಿಯಿಂದ ಎಲ್ಲ ಅಜ್ಜಿಯರಿಗೂ ಲಿಂಗವನ್ನು ಸುತ್ತಿಡಲು ಒಂದೊಂದು ಹೊಸ ಕೆಂಪು ರೇಷ್ಮೆಯ ವಸ್ತ್ರವನ್ನು ಕೊಟ್ಟಳು. ಎಲ್ಲವೂ ಒಂದೇ ತುಂಡಿನಿಂದ ಕತ್ತರಿಸಿದವು. ಅವರು ಹಳೆಯ ವಸ್ತ್ರಗಳನ್ನು ತೆಗೆದು ಹೊಸದರಲ್ಲಿ ಸುತ್ತಿ, ಮುಂದಿನ ಮಣೆಯ ಮೇಲಿಟ್ಟು ಕೈಮುಗಿದರು. ಅಷ್ಟರಲ್ಲಿ ಯಾರೋ "ರೈಲಿಗೆ ಒತ್ತಾಯ್ತು!" ಎಂದು ಕೂಗಿದರು. ನೀಲಗಂಗಮ್ಮನವರು ಅವಸರದಲ್ಲಿ ಕೈಗೆ ಬಂದುದನ್ನು ಕರಡಿಗೆಯಲ್ಲಿಟ್ಟುಕೊಂಡು ಎದ್ದರು.

ಮಂಗಳವಾರ ಬೆಳಗ್ಗೆ ಮನೆಯಲ್ಲಿ ಸ್ನಾನ ಮಾಡಿ ಕುಳಿತು ವಸ್ತ್ರವನ್ನು ಬಿಚ್ಚಿದರೆ, ಅದು ಅವರ ಲಿಂಗವಲ್ಲ.

ಪರಮಶಿವಯ್ಯನವರು ಅರಕಲಗೂಡಿನ ಒಂದು ಗಿರಣಿಗೆ ಹೋಗಿದ್ದವರು ಆ ಸಂಜೆ ಮಳೆಯಲ್ಲಿ ನೆನೆದು ಮನೆಗೆ ಬಂದರು. ಹೊತ್ತು ಕಳೆಯಲೆಂದು ನಾನೂ ಆ ಜಗಲಿಯಲ್ಲಿ ಕುಳಿತಿದ್ದೆ. ಒಳಗೆ ತಾಯಿ ಗೋಡೆಗೊರಗಿ ಕಣ್ಣು ಮುಚ್ಚಿಕೊಂಡಿದ್ದರು. ತುಟಿ ಒಣಗಿತ್ತು. ಮಠದ ಅಯ್ಯನವರಾದ ಚನ್ನಬಸವಯ್ಯನವರು ಪಕ್ಕದಲ್ಲಿ ಕುಳಿತು ಬೆಳಗಿನಿಂದ ಹೇಳಿದ್ದನ್ನೇ ಹೇಳುತ್ತಿದ್ದರು.

"ಅಮ್ಮ, ಲಿಂಗ ಕಳೆದವರಿಗೆ ಬೇರೆ ಲಿಂಗ ಕೊಡುವುದು ಶಾಸ್ತ್ರದಲ್ಲೇ ಉಂಟು. ನಾನು ಕಟ್ಟುತ್ತೇನೆ. ನೀರು ಕುಡಿ."

"ಕಳೆದೋಗಿದ್ರೆ ಕಟ್ಟಿಸ್ಕೋತಿದ್ದೆ ಬುದ್ಧಿ. ಕಳೆದೋಗಿಲ್ವಲ್ಲ! ನನ್ನ ಪಕ್ಕದಾಗೆ ಕೂತಿದ್ದೋಳು ಚನ್ನರಾಯಪಟ್ಣದ ಸುಬ್ಬಿ. ಅವಳ ಕೊರಳಾಗೆ ಐತೆ. ಗಂಡ ಬದುಕಿರೋವಾಗಲೇ ಇನ್ನೊಬ್ಬನ್ನ ಕಟ್ಕೋ ಅಂದಂಗಾಯ್ತು ನೀವು ಹೇಳೋದು."

ಸುಬ್ಬಮ್ಮನವರು ನೀಲಗಂಗಮ್ಮನವರಿಗೆ ದೂರದ ನಾದಿನಿ. ಇಬ್ಬರಿಗೂ ಹಿಂದೆ ಯಾವುದೋ ಮದುವೆಯಲ್ಲಿ ಊಟದ ಎಲೆ ಹಾಕುವ ವಿಷಯಕ್ಕೆ ಮಾತಾಗಿ, ಅಂದಿನಿಂದ ಸರಿಯಾದ ಮಾತುಕತೆ ಇರಲಿಲ್ಲವಂತೆ.

"ಕಣ್ಣಿದ್ದೂ ಕುರುಡಿ ಅವಳು" ಎಂದರು ನೀಲಗಂಗಮ್ಮನವರು. "ನನ್ನದನ್ನ ಎತ್ಕೊಂಡು ಓಗವ್ಳೆ. ಅವಳೂ ಉಪಾಸ ಬಿದ್ದಿರ್ತಾಳೆ, ಬೀಳ್ಲಿ."

ಮಗ ತಾಯಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತರು. "ಮೊದಲು ಎತ್ಕೊಂಡು ಎದ್ದೋರು ಯಾರವ್ವ?"

"ರೈಲಿತ್ತಲ್ಲ ನನಗೆ!"

"ಹಂಗಾದ್ರೆ ನೀನು."

ತಾಯಿ ಮುಖ ತಿರುಗಿಸಿದರು. ಮಗ ಮತ್ತೆ ಆ ಮಾತನ್ನೆತ್ತಲಿಲ್ಲ. "ಬೆಳಕು ಅರೀತಿದ್ದಂಗೆ ಓಗಿ ಬತ್ತೀನಿ" ಎಂದು ಎದ್ದರು.

ಹೆಂಡತಿ ದಾಕ್ಷಾಯಣಮ್ಮನವರು ಅವರಿಗೆ ಎಲೆ ಹಾಕಿದರು. ಅವರು ಎಲೆಯ ಮುಂದೆ ಕೂರಲಿಲ್ಲ. ಅವ್ವ ಉಣ್ಣದೆ ತಾನು ಉಣ್ಣುವುದಿಲ್ಲವೆಂದು ಬಾಯಿಬಿಟ್ಟು ಹೇಳಲೂ ಇಲ್ಲ. "ಅರಕಲಗೂಡಿನಾಗೆ ಹೊಟ್ಟೆ ತುಂಬಾ ಹಾಕಿದ್ರು" ಎಂದು ಜಗಲಿಗೆ ಬಂದರು. ನನ್ನನ್ನು ನೋಡಿ, "ಮೇಷ್ಟ್ರೇ, ನಾಳೆ ಈ ಮಳೇಲಿ ನಿಮ್ಮ ಇಸ್ಕೂಲಿಗೆ ಯಾರೂ ಬರಲ್ಲ. ನನ್ನ ಜೊತೆ ಬನ್ನಿ. ನಾನು ಎಂಜಿನ್ ಜೊತೆ ಮಾತಾಡೋನು. ಅಲ್ಲಿ ಮನುಷ್ಯರ ಜೊತೆ ಮಾತಾಡೋದೈತೆ" ಎಂದರು.

ಬುಧವಾರ ಬೆಳಗ್ಗೆ ನೀಲಗಂಗಮ್ಮನವರು ಸುಬ್ಬಮ್ಮನವರ ಲಿಂಗವನ್ನು ಅದೇ ಕೆಂಪು ವಸ್ತ್ರದೊಡನೆ ಒಂದು ಪುಟ್ಟ ಹಿತ್ತಾಳೆಯ ಭರಣಿಯಲ್ಲಿಟ್ಟು ಕೊಟ್ಟರು. ಅದನ್ನು ಎಲ್ಲಿ ಇಟ್ಟುಕೊಳ್ಳುವುದು? ಸೈಕಲ್ಲಿನ ಪಕ್ಕದ ಚೀಲದಲ್ಲಿ ಇಡುವಂತಿಲ್ಲ, ಸೊಂಟಕ್ಕೆ ಕಟ್ಟುವಂತಿಲ್ಲ; ಲಿಂಗ ಹೊಕ್ಕುಳಿಂದ ಕೆಳಗೆ ಬರಬಾರದು. ಎದೆಯ ಮೇಲೆ ಅವರದೇ ಲಿಂಗವಿತ್ತು. ಪರಮಶಿವಯ್ಯನವರು ಭರಣಿಯನ್ನು ಮೇಣದ ಬಟ್ಟೆಯಲ್ಲಿ ಸುತ್ತಿ, ನೆತ್ತಿಯ ಮೇಲಿಟ್ಟುಕೊಂಡು, ಅದರ ಮೇಲೆ ರುಮಾಲನ್ನು ಬಿಗಿಯಾಗಿ ಸುತ್ತಿದರು. ಮೇಲೆ ಕಂಬಳಿಯ ಕೊಪ್ಪೆ. ನಾನೂ ಒಂದು ಕಂಬಳಿ ಹೊದ್ದು ಹಿಂದೆ ಕುಳಿತೆ.

ಹೋಗುವಾಗ ಜಡಿಮಳೆ. ಹಾಸನ ದಾಟಿ, ಶಾಂತಿಗ್ರಾಮ ದಾಟಿ, ಚನ್ನರಾಯಪಟ್ಟಣ ಸೇರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಸುಬ್ಬಮ್ಮನವರ ಮಗ ರುದ್ರಯ್ಯ ಕೊಬ್ಬರಿ ವ್ಯಾಪಾರಿ. ಮನೆಯ ಮುಂದೆ ನಮ್ಮ ಸದ್ದು ಕೇಳಿ ಹೊರಗೆ ಬಂದು, "ಏನ್ ಭಾವ, ಈ ಮಳೇಲಿ?" ಎಂದ. ವಿಷಯವನ್ನು ಕೇಳುತ್ತಲೇ ಅವನ ಮುಖ ಇಳಿದುಹೋಯಿತು. ನಮ್ಮನ್ನು ಒಳಗೆ ಕರೆಯದೆ ಕೊಬ್ಬರಿಯ ಕೋಣೆಗೆ ಎಳೆದುಕೊಂಡು ಹೋದ.

"ನಮ್ಮವ್ವ ಈಗ ತಾನೆ ಉಂಡು ಎಲೆಅಡಿಕೆ ಹಾಕ್ಕೊಂಡು ಕೂತವ್ಳೆ ಭಾವ. ನಿನ್ನೇನೂ ಉಂಡವ್ಳೆ. ಕಣ್ಣಿಗೆ ಪೊರೆ, ವಾತದಲ್ಲಿ ಬೆರಳೆಲ್ಲ ಮರಗಟ್ಟೋಗವೆ. ತನ್ನದಲ್ಲ ಅಂತ ಅವಳಿಗೆ ಗೊತ್ತೇ ಆಗಿಲ್ಲ. ಈಗ ಹೇಳಿದ್ರೆ ಉಳೀತಾಳಾ? ಒಂದು ಗಳಿಗೆ ಇರು, ಮಲಗ್ತಾಳೆ. ಮೆಲ್ಲಗೆ ಬದಲಾಯಿಸ್ಕೊಂಡು ಓಗ್ಬುಡು. ಯಾರಿಗೂ ತಿಳಿಯಲ್ಲ."

ನನಗೆ ಅದು ಒಳ್ಳೆಯ ಉಪಾಯವೆಂದೇ ತೋರಿತು. ಹಾಗೆಯೇ ಹೇಳಿದೆನೆಂದು ಈಗ ಒಪ್ಪಿಕೊಳ್ಳುತ್ತೇನೆ.

ಪರಮಶಿವಯ್ಯನವರು ಇಬ್ಬರನ್ನೂ ನೋಡಿದರು. "ಮಲಗಿದ ಮುದುಕಿ ಕೊರಳಿಂದ ಲಿಂಗ ಬಿಚ್ಚೋ ಕೈ ನನಗಿಲ್ಲ ರುದ್ರಯ್ಯ. ಕಣ್ಣು ಕಾಣದೆ ಇರಬೌದು, ಅವರದು ಅವರಿಗೆ ಗೊತ್ತಿರಬೇಕು."

ಒಳಗೆ ಹೋಗಿ ಸುಬ್ಬಮ್ಮನವರ ಕಾಲಿಗೆ ನಮಸ್ಕರಿಸಿ ಪಕ್ಕದಲ್ಲಿ ಕುಳಿತರು. ಅವರು ಕೈಯಿಂದ ತಡವಿ, "ಯಾರಪ್ಪ? ಎಣ್ಣೆ ವಾಸನೆ. ನೀಲಗಂಗನ ಮಗನಾ?" ಎಂದರು.

"ಹೌದು ಅತ್ತೆ. ಒಂದು ತಪ್ಪು ಮಾಡಿದ್ದೀವಿ, ಹೇಳೋಕೆ ಬಂದೆ. ಸೋಮವಾರ ನಮ್ಮವ್ವ ರೈಲಿನ ಅವಸರಕ್ಕೆ ನಿಮ್ಮ ಲಿಂಗಾನ ತಂದ್ಬುಟ್ಟವ್ಳೆ. ನಮ್ಮದು ನಿಮ್ಮತ್ರ ಉಳಕೊಂಡೈತೆ."

ಮುದುಕಿಯ ಬಾಯಿಯಲ್ಲಿ ಎಲೆಅಡಿಕೆ ನಿಂತಿತು. ಕೈ ಎದೆಯ ಮೇಲಿನ ಕರಡಿಗೆಗೆ ಹೋಯಿತು. "ಹಂಗಾದ್ರೆ ಎರಡು ದಿನದಿಂದ ನಾನು..." ಎಂದವರು ನಡುಗತೊಡಗಿದರು. ರುದ್ರಯ್ಯ ಬಾಗಿಲಲ್ಲಿ ತಲೆ ಹಿಡಿದುಕೊಂಡ.

"ಕೇಳಿ ಅತ್ತೆ" ಎಂದು ಪರಮಶಿವಯ್ಯನವರು ಅವರ ಕೈಯನ್ನು ಹಿಡಿದುಕೊಂಡರು. "ಎರಡು ದಿನದಿಂದ ನೀವು ನಮ್ಮವ್ವನ ಲಿಂಗಕ್ಕೆ ಪೂಜೆ ತಪ್ಪಿಸಿಲ್ಲ. ನಿನ್ನೆ ನೀರೆರೆದ್ರಿ, ಇವತ್ತು ನೀರೆರೆದ್ರಿ. ನಿಮ್ಮದು ನಮ್ಮನೇಲಿ ಎರಡು ದಿನ ಸುಮ್ನೆ ಕೂತಿತ್ತು. ಒಂದು ಹೂವ ಏರಿಸಿದೋರಿಲ್ಲ. ತಪ್ಪು ಯಾರದು ಹೇಳಿ? ನಮ್ಮವ್ವನೇ ಹೇಳಿ ಕಳಿಸವ್ಳೆ, ಸುಬ್ಬಮ್ಮನ ಕಾಲಿಗೆ ಬಿದ್ದು ತಪ್ಪಾಯ್ತು ಅಂತ ಕೇಳ್ಕೊಂಡು ಬಾ ಅಂತ."

ನೀಲಗಂಗಮ್ಮನವರು ಹೇಳಿದ್ದು ಏನೆಂದು ನನ್ನ ಕಿವಿಯೇ ಕೇಳಿತ್ತು.

"ನೀಲಗಂಗ ಅಂದ್ಲಾ? ನಿಜವಾ?"

"ಹೂಂ ಅತ್ತೆ."

ಎಂಜಿನ್ನಿನ ವಿಷಯದಲ್ಲಿ ಎಂದೂ ಸುಳ್ಳು ಹೇಳದ ಮನುಷ್ಯ ಅವರು. ಇನ್ನೂ ಎರಡು ವರ್ಷ ಬರುವ ಭಾಗವನ್ನು ಕೆಟ್ಟಿದೆಯೆಂದು ಒಂದು ಸಲವೂ ಹೇಳಿದವರಲ್ಲ.

ಸುಬ್ಬಮ್ಮನವರ ನಡುಕ ಮೆಲ್ಲಗೆ ನಿಂತಿತು. "ನಾಳೆಯಿಂದ ಉಪಾಸ ಮಾಡಿ, ಅಯ್ಯನವರ ಪಾದೋದಕ ತಗೊಂಡು ಶುದ್ಧ ಆಯ್ತೀನಿ. ಅದು ನನ್ನ ಪಾಡು" ಎಂದರು. ತಾವೇ ಕರಡಿಗೆಯನ್ನು ಬಿಚ್ಚಿ, ಪರಮಶಿವಯ್ಯನವರು ರುಮಾಲಿನಿಂದ ತೆಗೆದ ಭರಣಿಯಲ್ಲಿ ತಮ್ಮ ಕೈಯಿಂದಲೇ ಆ ಲಿಂಗವನ್ನಿಟ್ಟು ತಮ್ಮದನ್ನು ತೆಗೆದುಕೊಂಡರು. ಅಂಗೈಯಲ್ಲಿಟ್ಟು ಕೆನ್ನೆಗೆ ಒತ್ತಿಕೊಂಡರು. ಆಮೇಲೆ ಥಟ್ಟನೆ ನೆನಪಾದವರಂತೆ, "ಅವಳು ಉಂಡ್ಲಾ?" ಎಂದು ಕೇಳಿದರು.

"ಇಲ್ಲ. ನಿನ್ನೆ ಬೆಳಗಿಂದ ನೀರೂ ಇಲ್ಲ."

"ಅಯ್ಯೋ ನಿನ್ನ! ಮತ್ತೆ ಇಲ್ಲಿ ಕೂತು ಪುರಾಣ ಹೇಳ್ತಾ ಇದೀಯಲ್ಲ! ಏಳು, ಏಳು, ಓಡು!"

ರುದ್ರಯ್ಯನ ಹೆಂಡತಿ ನನಗೆ ಎರಡು ರೊಟ್ಟಿ ಕೊಟ್ಟಳು. ಪರಮಶಿವಯ್ಯನವರು ಅದನ್ನು ಮುಟ್ಟಲಿಲ್ಲ.

ನಾವು ಊರು ಬಿಡುವ ಹೊತ್ತಿಗೆ ಜಡಿಮಳೆ ದೊಡ್ಡ ಮಳೆಯಾಗಿತ್ತು. ಎದುರಿನ ಗಾಳಿಗೆ ಹನಿಗಳು ಮುಖಕ್ಕೆ ರಾಗಿಕಾಳನ್ನು ಎರಚಿದಂತೆ ಬಡಿಯುತ್ತಿದ್ದವು. ರಸ್ತೆಯ ಮಣ್ಣು ಕರಗಿ ಗಾಡಿಯ ಜಾಡುಗಳು ಕಾಲುವೆಗಳಾಗಿದ್ದವು. ಎರಡು ಜಾಡುಗಳ ನಡುವಿನ ಒಂದು ಗೇಣು ದಿಬ್ಬದ ಮೇಲೆ ಅವರು ಸೈಕಲ್ಲನ್ನು ನಡೆಸುತ್ತಿದ್ದರು. ಒಂದು ತಿರುವಿನಲ್ಲಿ ಹಿಂದಿನ ಚಕ್ರ ಜಾರಿ, ಸೈಕಲ್ಲು ಎಡಕ್ಕೆ ಬಿತ್ತು. ನಾನು ಕೆಸರಿನಲ್ಲಿ ಹೊರಳಿದೆ. ಅವರಿಗೆ ಬೇಕಾಗಿದ್ದರೆ ಗಾಡಿಯನ್ನು ಬಿಟ್ಟು ಪಕ್ಕಕ್ಕೆ ಉರುಳಬಹುದಾಗಿತ್ತು. ಉರುಳಿದರೆ ತಲೆ ನೆಲಕ್ಕೆ ತಾಗುತ್ತಿತ್ತು. ಅವರು ಕುಳಿತಂತೆಯೇ ಬಿದ್ದು, ಕತ್ತನ್ನು ಮೇಲೆ ಹಿಡಿದುಕೊಂಡರು. ಕಾದ ಹೊಗೆಕೊಳವೆ ಮೀನಖಂಡದ ಮೇಲೆ ಬಿತ್ತು. ನಾನು ಗಾಡಿಯನ್ನು ಎತ್ತುವಷ್ಟರಲ್ಲಿ ಚರ್ಮ ಸುಟ್ಟಿತ್ತು. ಅವರು ಮೊದಲು ರುಮಾಲನ್ನು ಮುಟ್ಟಿ ನೋಡಿಕೊಂಡು, ಆಮೇಲೆ ಕಾಲನ್ನು ನೋಡಿದರು.

"ಇಲ್ಲಿ ನೋವೈತೆ" ಎಂದು ಬೆರಳಿಟ್ಟು ತೋರಿಸಿ ನಕ್ಕರು. ಮತ್ತೆ ಹತ್ತಿದರು.

ಮುಂದೆ ಎರಡು ಮೈಲಿ ಹೋಗುವಷ್ಟರಲ್ಲಿ ನಮ್ಮ ಮುಂದೆ ಚಪ್ಪಡಿ ಕಲ್ಲು ಹೇರಿದ ಗಾಡಿಗಳ ಸಾಲು. ಒಂಬತ್ತು ಗಾಡಿ. ಶಾಂತಿಗ್ರಾಮದ ಕಡೆಗೆ ಹೋಗುತ್ತಿದ್ದವು. ಪರಮಶಿವಯ್ಯನವರು ಎಂಜಿನ್ನನ್ನು ನಿಲ್ಲಿಸಿದರು.

"ಇವತ್ತೊಂದು ದಿನ ಓಡಿಸಿಬಿಡಿ" ಎಂದೆ. "ಈ ಮಳೆಯಲ್ಲಿ ಮತ್ತೆ ಚಾಲೂ ಆಗದಿದ್ದರೆ? ಮನೆಯಲ್ಲಿ ಅಮ್ಮ ಕಾಯುತ್ತಿದ್ದಾರೆ."

"ಕಲ್ಲು ಹೇರಿದ ಗಾಡಿ ಮೇಷ್ಟ್ರೇ. ಎತ್ತು ಬೆದರಿ ಮಗುಚಿದ್ರೆ ಯಾರದೋ ಅವ್ವ ಜೀವಮಾನ ಪೂರಾ ಕಾಯಬೇಕಾಯ್ತದೆ."

ಸುಟ್ಟ ಕಾಲಿನಲ್ಲಿ, ಮೊಳಕಾಲುದ್ದದ ಕೆಸರಿನಲ್ಲಿ, ಒಂಬತ್ತು ಗಾಡಿಗಳ ಪಕ್ಕದಲ್ಲಿ ಅವರು ಸೈಕಲ್ಲನ್ನು ತಳ್ಳಿದರು. ನಾನು ಹಿಂದಿನಿಂದ ಒತ್ತಿದೆ. ಮುಂದಿನ ಗಾಡಿಯ ಯಜಮಾನ ಪುಟ್ಟರಾಜು ಎಂಬ ದಪ್ಪ ಮೀಸೆಯವನು ಗೋಣಿಯ ಕೊಪ್ಪೆಯೊಳಗಿಂದ ಬಗ್ಗಿ ನೋಡಿ, "ಕೆಟ್ಟೋಯ್ತಾ ಸಾ?" ಎಂದ.

"ಇಲ್ಲ ಕಣಪ್ಪ, ನಿನ್ನ ಎತ್ತು ಬೆದರಬಾರ್ದಲ್ಲ."

"ಅದುಕ್ಕೆ ತಳ್ತಾ ಇದೀರಾ!" ಎಂದು ಅವನು ಹಿಂದಿನ ಗಾಡಿಗೆ ಕೂಗಿ ಹೇಳಿದ. ನಗೆಯ ಅಲೆಯೊಂದು ಒಂಬತ್ತನೆಯ ಗಾಡಿಯವರೆಗೆ ಹೋಗಿ ಮುಟ್ಟಿತು.

ದೂರ ಹೋಗಿ ಹನ್ನೆರಡು ಸಲ ಒದ್ದ ಮೇಲೆ ಎಂಜಿನ್ನು ಉಸಿರಾಡಿತು. ಆದರೆ ಅರ್ಧ ಮೈಲಿಯಲ್ಲೇ ನಿಲ್ಲಬೇಕಾಯಿತು. ಶಾಂತಿಗ್ರಾಮಕ್ಕೆ ಇನ್ನೂ ಎರಡು ಮೈಲಿಯಿರುವಾಗ, ಮೇಲಿನ ಕೆರೆ ಕೋಡಿಬಿದ್ದು ತಗ್ಗಿನ ರಸ್ತೆಯ ಮೇಲೆ ಕೆಂಪು ನೀರು ನುಗ್ಗುತ್ತಿತ್ತು. ಸುಮಾರು ಐವತ್ತು ಮಾರು ಅಗಲ, ಸೊಂಟದವರೆಗೆ ಆಳ. ಈಚೆ ದಡದಲ್ಲಿ ಒಂದು ಬಸ್ಸು ನಿಂತಿತ್ತು.

"ನಾಳೆ ಬೆಳಗ್ಗೆವರೆಗೂ ಇಳಿಯಲ್ಲ" ಎಂದ ಅದರ ಡ್ರೈವರು, ಬೀಡಿ ಸೇದುತ್ತ. "ಒಳಗೆ ಬಂದು ಕೂತ್ಕಳಿ ಸಾ."

ಪರಮಶಿವಯ್ಯನವರು ನೀರನ್ನು ನೋಡಿದರು. ಆ ಬೆಳಗ್ಗೆಯಿಂದ ಮೊದಲ ಸಲ ಅವರ ಮುಖದಲ್ಲಿ ದಿಗಿಲು ಕಂಡಿತು. "ಮೇಷ್ಟ್ರೇ, ಗಾಡಿ ಇಲ್ಲೇ ಇರಲಿ. ನಾನು ನಡೆದು ದಾಟ್ತೀನಿ" ಎಂದರು. ದಾಟಿದರೂ ಅಲ್ಲಿಂದ ಸಾಲಗಾಮೆಗೆ ಹದಿನೆಂಟು ಮೈಲಿ. ಸುಟ್ಟ ಕಾಲಿನಲ್ಲಿ ನಡೆದರೆ ಮಾರನೆಯ ದಿನವೇ. ತಾಯಿಗೆ ಮೂರನೆಯ ದಿನ. ನಾವು ಹೀಗೆ ನಿಂತಿರುವಾಗಲೇ ಹಿಂದಿನಿಂದ ಕಲ್ಲಿನ ಗಾಡಿಗಳು ಬಂದವು.

ಪುಟ್ಟರಾಜು ಕೆಳಗಿಳಿದು, ನೀರಿಗೆ ಒಂದು ಕೋಲಿಟ್ಟು ನೋಡಿದ. "ಕಲ್ಲಿನ ಭಾರ ಇದ್ರೆ ಗಾಡಿ ತೇಲಲ್ಲ, ದಾಟ್ತದೆ" ಎಂದ. ಆಮೇಲೆ ನಮ್ಮ ಕಡೆ ತಿರುಗಿ, "ನನ್ನ ಎತ್ತಿಗೆ ದಾರಿ ಬುಟ್ಟಿರಲ್ಲ ಸಾ, ನಿಮ್ಮ ಕುದುರೇನ ಹೇರಿ ನನ್ನ ಗಾಡಿಗೆ" ಎಂದ.

ಆರು ಮಂದಿ ಸೇರಿ ಮೋಟಾರು ಸೈಕಲ್ಲನ್ನು ಚಪ್ಪಡಿಗಳ ಮೇಲೆ ಮಲಗಿಸಿ ಹಗ್ಗ ಬಿಗಿದರು. ಪರಮಶಿವಯ್ಯನವರು ಅದಕ್ಕೆ ಮೊದಲು ಎಂಜಿನ್ನಿಗೆ ಕಿಡಿ ಕೊಡುವ ಪ್ಲಗ್ಗನ್ನು ಬಿಚ್ಚಿ, ನೀರು ಒಳಗೆ ಹೋಗದಂತೆ ಆ ತೂತಿಗೆ ಬಟ್ಟೆಯನ್ನು ತುರುಕಿದರು. ನಾವೂ ಮೇಲೆ ಕುಳಿತೆವು. ಎತ್ತುಗಳು ನೀರಿಗಿಳಿದವು. ನಡುವೆ ನೀರು ಗಾಡಿಯ ಅಡ್ಡಹಲಗೆಯನ್ನು ಮುಟ್ಟಿ, ಇಡೀ ಗಾಡಿ ಒಂದು ಸಲ ಪಕ್ಕಕ್ಕೆ ಸರಿಯಿತು. ಪರಮಶಿವಯ್ಯನವರು ಎರಡು ಕೈಯಿಂದಲೂ ರುಮಾಲನ್ನು ಹಿಡಿದುಕೊಂ‍ಡರು.

"ಅಷ್ಟು ಭದ್ರವಾಗಿ ಇಡ್ಕೊಂಡಿದೀರಲ್ಲ, ಅದ್ರಾಗೆ ಏನೈತೆ ಸಾ?" ಎಂದು ಕೇಳಿದ ಪುಟ್ಟರಾಜು.

"ನಮ್ಮವ್ವನ ಪ್ರಾಣ ಕಣಪ್ಪ."

ಅವನಿಗೆ ಏನು ಅರ್ಥವಾಯಿತೋ, "ಹಂಗಾದ್ರೆ ಅಲ್ಲಾಡಬೇಡಿ" ಎಂದು ಎತ್ತುಗಳ ಬಾಲವನ್ನು ಮುರಿದು, ಬಾಯಿಗೆ ಬಂದಂತೆ ಬೈಯುತ್ತ ಆಚೆಯ ದಡಕ್ಕೆ ಹೊಡೆದ.

ಆಚೆ ಇಳಿಸಿದ ಮೇಲೆ ಪರಮಶಿವಯ್ಯನವರು ಅಂಗಿಯೊಳಗೆ ಕೈಹಾಕಿ, ಬೆಳಗಿನಿಂದ ಮೈಯ ಬಿಸಿಯಲ್ಲಿಟ್ಟುಕೊಂಡಿದ್ದ ಇನ್ನೊಂದು ಒಣ ಪ್ಲಗ್ಗನ್ನು ತೆಗೆದು ಹಾಕಿದರು. ಮೂರನೆಯ ಒದೆತಕ್ಕೆ ಎಂಜಿನ್ನು ಗುಡುಗಿತು. ಆದರೆ ಅವರು ಒದೆಯುವ ಮೊದಲು ಗಾಡಿಗಳೆಲ್ಲ ದಾಟಿ ದೂರ ಹೋಗುವವರೆಗೆ ನಿಂತಿದ್ದರು. ಕೊನೆಯ ಗಾಡಿಯವನು ಹೋಗುತ್ತ ಹೋಗುತ್ತ ಕೈಮುಗಿದ. ಬಳಿಕ ಹೊರಟು, ದಾರಿಯಲ್ಲಿ ಆ ಸಾಲು ಸಿಕ್ಕಿದಾಗ ಮತ್ತೆ ಇಳಿದು ತಳ್ಳಿಕೊಂಡೇ ದಾಟಿದೆವು. ಈ ಸಲ ಗಾಡಿಯವರೇ ಇಬ್ಬರು ಇಳಿದುಬಂದು ಕೈಗೂಡಿಸಿದರು.

ಸಾಲಗಾಮೆಗೆ ಬರುವಾಗ ದೀಪ ಹಚ್ಚುವ ಹೊತ್ತು. ಪರಮಶಿವಯ್ಯನವರ ಬೆರಳುಗಳು ಹಿಡಿಯನ್ನು ಬಿಡದೆ ಮರಗಟ್ಟಿದ್ದವು. ನಾನು ಒಂದೊಂದಾಗಿ ಬಿಡಿಸಬೇಕಾಯಿತು. ಅವರು ಬಾವಿಯ ಬಳಿ ಕೈಕಾಲು ತೊಳೆದುಕೊಂಡು, ರುಮಾಲನ್ನು ಬಿಚ್ಚಿ, ಭರಣಿಯನ್ನು ತಾಯಿಯ ಮುಂದೆ ಮಣೆಯ ಮೇಲಿಟ್ಟರು. ರುಮಾಲಿನ ಹೊರಗಿನ ಸುತ್ತುಗಳು ಹಿಂಡಿದರೆ ನೀರು ಸುರಿಯುವಂತಿದ್ದವು. ಒಳಗಿನ ಮೇಣದ ಬಟ್ಟೆ ನೆನೆದೇ ಇರಲಿಲ್ಲ.

ಸೊಸೆಯ ತೋಳು ಹಿಡಿದು ಸ್ನಾನ ಮಾಡಿ ಬಂದು ಕುಳಿತಿದ್ದ ನೀಲಗಂಗಮ್ಮನವರು ವಸ್ತ್ರವನ್ನು ಬಿಚ್ಚಿದರು. ಲಿಂಗವನ್ನು ಅಂಗೈಗೆ ತೆಗೆದುಕೊಂಡರು. ಅವರಿಗೆ ಗೊತ್ತಾಯಿತೆಂದು ಮುಖವೇ ಹೇಳಿತು. ಆದರೆ ಆ ಮುಖ ಹಾಗೆಯೇ ನಿಂತುಬಿಟ್ಟಿತು. ಲಿಂಗದ ಮೇಲೆ ಹೊಸ ವಿಭೂತಿಯಿತ್ತು, ಒಂದು ತುಂಬೆ ಹೂವು ಅಂಟಿಕೊಂಡಿತ್ತು.

"ಪೂಜೆ ಆಗೈತೆ" ಎಂದರು ಮೆಲ್ಲಗೆ.

"ಹೂಂ ಅವ್ವ. ಎರಡು ದಿನಾನೂ. ಅತ್ತೆಗೆ ಕಣ್ಣು ಕಾಣಲ್ಲ, ತನ್ನದೇ ಅಂದ್ಕೊಂಡು ಮಾಡವ್ರೆ."

"ನಾನು ಅವಳದಕ್ಕೆ ಒಂದು ಚಮಚ ನೀರು ಹಾಕ್ಲಿಲ್ಲ. ಮೂಲೇಲಿ ಇಟ್ಟಿದ್ದೆ." ಅಂಟಿದ್ದ ಹೂವನ್ನು ಬೆರಳಿನಿಂದ ಮುಟ್ಟಿ, "ಹೇಳಿದಾಗ ಏನಂದ್ಲು?"

ಪರಮಶಿವಯ್ಯನವರು ತಲೆ ತಗ್ಗಿಸಿದರು. "ಅವ್ವ, ಒಂದು ಸುಳ್ಳು ಹೇಳಿ ಬಂದಿದ್ದೀನಿ. ನಡುಗೋಕೆ ಶುರು ಮಾಡಿದ್ರು. ನೋಡೋಕಾಗ್ಲಿಲ್ಲ. ನೀನೇ ತಪ್ಪಾಯ್ತು ಅಂತ ಹೇಳಿ ಕಳಿಸಿದೀಯ ಅಂದೆ."

"ನಾನು? ಸುಬ್ಬಿಗೆ?"

"ಕಾಲಿಗೆ ಬಿದ್ದು ಕೇಳ್ಕೊಂಡು ಬಾ ಅಂದಿದೀಯ ಅಂದೆ."

ದಾಕ್ಷಾಯಣಮ್ಮನವರು ನೀರಿನ ಲೋಟವನ್ನು ಹಿಡಿದು ನಿಂತಿದ್ದರು. ನೀಲಗಂಗಮ್ಮನವರು ಅಂಗೈಯಲ್ಲಿದ್ದ ಲಿಂಗವನ್ನು ಮತ್ತೆ ವಸ್ತ್ರದ ಮೇಲಿಟ್ಟರು.

"ಸುಳ್ಳು ಹೇಳಿ ತಂದಿದ್ದಕ್ಕೆ ನಾನು ಹೆಂಗೆ ನೀರೆರೀಲಿ?" ಎಂದರು.

"ಅವ್ವ!" ಎಂದು ಮಗ ಚೀರಿದರು. ಇಡೀ ದಿನದಲ್ಲಿ ಅವರು ದನಿಯೆತ್ತಿದ್ದು ಅದೊಂದು ಸಲ.

"ಸುಮ್ನಿರು. ಮೇಷ್ಟ್ರೇ, ಕಾಗದ ಇದ್ಯಾ? ಬರೀರಿ."

ನಾನು ಮನೆಗೆ ಓಡಿಹೋಗಿ ಕಾಗದ, ಮಸಿಕುಡಿಕೆಗಳನ್ನು ತಂದೆ. ದೀಪದ ಹತ್ತಿರ ಕುಳಿತೆ. ಅವರು ಹೇಳಿದರು, ನಾನು ಬರೆದೆ.

"ಸುಬ್ಬಿಗೆ ನೀಲಗಂಗಿ ಮಾಡುವ ಶರಣು ಶರಣಾರ್ಥಿ. ನಿನ್ನ ಲಿಂಗ ಮೊದಲು ಎತ್ತಿಕೊಂಡು ಎದ್ದವಳು ನಾನು. ಪೂಜೆ ಇಲ್ಲದೆ ಇಟ್ಟವಳೂ ನಾನು. ನನ್ನದನ್ನು ನೀನು ಚೆನ್ನಾಗಿ ನೋಡಿಕೊಂಡೆ. ತಪ್ಪಾಯಿತು. ನನ್ನ ಮಗ ಹೇಳಿದ್ದು ನಿಜ. ಆ ಮದುವೆಯಲ್ಲಿ ಎಲೆಯ ವಿಷಯದಲ್ಲಿ ಮಾತ್ರ ತಪ್ಪು ನಿನ್ನದೇ, ಅದನ್ನು ಬಂದಾಗ ಮಾತಾಡೋಣ. ಕಣ್ಣಿಗೆ ಡಾಕ್ಟರಿಗೆ ತೋರಿಸು."

ಅಷ್ಟೂ ಬರೆದಾದ ಮೇಲೆ ನನ್ನಿಂದ ಓದಿಸಿ ಕೇಳಿದರು. ಎಲೆಯ ಮಾತನ್ನು ತೆಗೆಯಲೇ ಎಂದು ಕೇಳಿದೆ. ಬೇಡವೆಂದರು. ಹೆಬ್ಬೆರಳಿಗೆ ಮಸಿ ಹಚ್ಚಿಸಿಕೊಂಡು ಒತ್ತಿದರು. ಆಮೇಲೆ ಕಾಗದವನ್ನು ಪಕ್ಕಕ್ಕಿಟ್ಟು, ಲಿಂಗಕ್ಕೆ ನೀರೆರೆದು, ವಿಭೂತಿ ಧರಿಸಿ, ಪೂಜೆ ಮುಗಿಸಿ, ಸೊಸೆಯ ಕೈಯಿಂದ ಲೋಟವನ್ನು ತೆಗೆದುಕೊಂಡರು. ಮೊದಲ ಗುಟುಕನ್ನು ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು ನುಂಗಿದರು.

ಪರಮಶಿವಯ್ಯನವರು ಕಂಬಕ್ಕೊರಗಿ ಕುಳಿತು ಅದನ್ನೇ ನೋಡುತ್ತಿದ್ದರು. ಹೆಂಡತಿ ಅವರ ಕಾಲಿನ ಸುಟ್ಟ ಗಾಯಕ್ಕೆ ಬೆಣ್ಣೆ ಸವರಲು ಬಂದಾಗ, ಗಾಯವಾಗಿರುವುದು ಆಗ ತಾನೆ ತಿಳಿದವರಂತೆ ಕಾಲನ್ನು ಎಳೆದುಕೊಂಡರು.

"ಕಾಗದವನ್ನು ನಾಳೆ ಟಪಾಲಿಗೆ ಹಾಕುತ್ತೇನೆ" ಎಂದೆ ನಾನು.

"ಟಪಾಲು ಈ ಮಳೇಲಿ ಯಾವಾಗ ಓಗಿ ಸೇರೋದು?" ಎಂದರು ನೀಲಗಂಗಮ್ಮನವರು, ಗಂಜಿಯ ಬಟ್ಟಲನ್ನು ಹತ್ತಿರಕ್ಕೆಳೆದುಕೊಳ್ಳುತ್ತ. "ಅಲ್ಲೀವರೆಗೂ ಇವನು ಹೇಳಿದ್ದು ಸುಳ್ಳಾಗೇ ಇರ್ತದೆ. ಇವನೇ ಕೊಟ್ಟು ಬರಲಿ."

"ಅಯ್ಯೋ ಅತ್ತೆ, ಕಾಲು ನೋಡಿ!" ಎಂದರು ದಾಕ್ಷಾಯಣಮ್ಮನವರು.

ಪರಮಶಿವಯ್ಯನವರು ಕೈಯೆತ್ತಿ ಹೆಂಡತಿಯನ್ನು ಸುಮ್ಮನಿರಿಸಿದರು. "ಆಗ್ಲಿ ಅವ್ವ. ನೀನು ಉಣ್ಣು" ಎಂದು, ತಾವೂ ಎಲೆಯ ಮುಂದೆ ಕುಳಿತರು.

ಮಾರನೆಯ ದಿನ ಬೆಳಕು ಹರಿಯುವ ಮುಂಚೆ ನನಗೆ ಎಚ್ಚರವಾಯಿತು. ಮಳೆ ಬಿಟ್ಟಿರಲಿಲ್ಲ. ಬೀದಿಯ ಕೊನೆಯವರೆಗೆ ಯಾರೋ ಏನನ್ನೋ ತಳ್ಳಿಕೊಂಡು ಹೋಗುವ ಸದ್ದು. ಮೇಲುಬೀದಿಯವರು ನೇಗಿಲು ಹೂಡಲು ಎತ್ತುಗಳನ್ನು ಹೊರಗೆ ಕಟ್ಟುವ ಹೊತ್ತು ಅದು. ಊರಿನ ಆಚೆ, ಕೆರೆಯ ಏರಿಯ ಮೇಲೆ, ಎಂಜಿನ್ನು ಚಾಲೂ ಆಯಿತು.